ಕಂಬಳಿಯೊಳಗೆ ಬಲ್ಬು ನೋಡುತ್ತಿದ್ದವರು

ಅವರ ಹೆಸರು ಬರೆಯುವುದಿಲ್ಲ. ಅವರ ಅಂಗಡಿಯ ಬೋರ್ಡಿನ ಮೇಲೂ ಹೆಸರಿರಲಿಲ್ಲ. ‘ಆಟೋ ಎಲೆಕ್ಟ್ರಿಕಲ್ಸ್’ ಎಂದಷ್ಟೇ ಕೆಂಪು ಅಕ್ಷರದಲ್ಲಿ ಬರೆಸಿದ್ದರು, ಅದೂ ಬಿಸಿಲಿಗೆ ಅರ್ಧ ಮಾಸಿಹೋಗಿತ್ತು. ಹರಪನಹಳ್ಳಿಯಲ್ಲಿ ಕೊಟ್ಟೂರು ರಸ್ತೆಗೆ ಹೊರಳಿದ ಮೇಲೆ ಎಡಗಡೆ, ಬೇವಿನ ಮರದ ಕೆಳಗೆ ಒಂದು ತಗಡಿನ ಶೆಡ್ಡು. ಗಾಡಿ ಇದ್ದವರಿಗೆಲ್ಲ ಅವರು ‘ವೈರಿಂಗ್ ಅಣ್ಣಾರು’. ನನಗೂ ಅಣ್ಣಾರೇ. ಅವರಿಗೆ ನಾನು ‘ಅಕ್ಕೋರು’, ಅಂದರೆ ಸಾಲಿ ಕಲಿಸುವವಳು. ತೆಲಿಗಿ ಕಡೆಯ ಒಂದು ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ವಿಜ್ಞಾನ ಹೇಳಿಕೊಡುತ್ತಿದ್ದೇನೆ. ನನ್ನ ಬಾಯಿ ಜೋರು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಬರುವ ಸಂಕಟದಲ್ಲಿ ಆ ಬಾಯಿಯದೂ ಪಾಲಿದೆ.

ಅವರು ತೀರಿಕೊಂಡು ಐದು ತಿಂಗಳಾಯಿತು. ಮೊನ್ನೆ ಕಾರಿನ ಹಾರ್ನು ಕೈಕೊಟ್ಟಿತು. ನನಗೆ ಅರಿವಿಲ್ಲದೆಯೇ ಆ ಬೇವಿನ ಮರದ ಹತ್ತಿರ ಬ್ರೇಕ್ ಒತ್ತಿದ್ದೆ. ಅಲ್ಲೀಗ ಕಬ್ಬಿನ ಹಾಲಿನ ಗಾಣ ಬಂದಿದೆ. ಗಾಣದವನು ಗಿರಾಕಿ ಬಂದಳೆಂದು ಗ್ಲಾಸು ತೊಳೆಯತೊಡಗಿದ. ಇಳಿದು ಒಂದು ಗ್ಲಾಸು ತಗೊಂಡೆ. ಅರ್ಧ ಬಿಟ್ಟು ಬಂದೆ.

ಅವರ ಪರಿಚಯ ಆದದ್ದು ಒಂದು ಆರದ ದೀಪದಿಂದ. ಏಳೆಂಟು ವರ್ಷದ ಹಿಂದೆ ನಮ್ಮ ಮನೆಯವರು ಯಾರದೋ ಮಾತು ಕೇಳಿ ಕಾರಿನ ಹಳೇ ಬಲ್ಬುಗಳನ್ನೆಲ್ಲ ಕಿತ್ತು ಎಲ್‌ಇಡಿ ಹಾಕಿದ್ದರು. ಬೆಳಕೇನೋ ಬೆಳ್ಳಗೆ ಬಂತು. ಆದರೆ ಬಾಗಿಲು ಹಾಕಿ ಲಾಕ್ ಮಾಡಿದ ಮೇಲೂ ಒಳಗಿನ ದೀಪ ಪೂರ್ತಿ ಆರುತ್ತಿರಲಿಲ್ಲ, ಮಿಣಿಮಿಣಿ ಎನ್ನುತ್ತಲೇ ಇರುತ್ತಿತ್ತು. ಬ್ಯಾಟರಿ ಇಳಿದೀತೆಂಬ ಹೆದರಿಕೆಯಿಂದ ಅವರ ಶೆಡ್ಡಿಗೆ ಹೋದೆ.

“ಅಣ್ಣಾರೆ, ಈ ದೀಪ ಆರವಲ್ದು ನೋಡ್ರಿ.”

ಅವರು ಮೊದಲು ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಒಂದು ಗಳಿಗೆ ಸುಮ್ಮನೆ ನಿಂತರು. ಯಾವ ಗಾಡಿ ಬಂದರೂ ಹಾಗೆಯೇ, ಜ್ವರ ಬಂದ ಕೂಸಿನ ಹಣೆ ಮುಟ್ಟುವ ಹಾಗೆ. ಆಮೇಲೆ ಒಳಗೆ ಹೋಗಿ ಒಂದು ಕರೀ ಕಂಬಳಿ ತಂದರು. ಅವರದು ಕುರಿ ಸಾಕುವ ಮನೆತನ. ತಮ್ಮದೇ ಕುರಿಗಳ ಉಣ್ಣೆಯಿಂದ ನೇಯಿಸಿದ ಕಂಬಳಿ ಅದು.

“ಇದ್ಯಾಕ್ರಿ ಕಂಬಳಿ? ಈ ಸೆಕಿಯೊಳಗ?”

“ಬಿಸಿಲಾಗ ಮಿಣುಕು ಕಾಣಂಗಿಲ್ರಿ ಅಕ್ಕೋರೆ. ಕತ್ತಲಾಗಾ ತನಕ ಕುಂದ್ರಾಕ ನಿಮಗೂ ಹೊತ್ತಿಲ್ಲ, ನನಗೂ ಹೊತ್ತಿಲ್ಲ. ಕತ್ತಲಾನ ನಾವ ತಂದ್ರಾತು.”

ಕಂಬಳಿಯ ಒಂದು ತುದಿ ನನ್ನ ಕೈಗೆ ಕೊಟ್ಟರು, ಇನ್ನೊಂದು ತುದಿ ತಾವು ಹಿಡಿದು ಆಚೆ ಸೀಟಿನಲ್ಲಿ ಕುಳಿತರು. ತಲೆಯ ಮೇಲೆ ಎಳೆದುಕೊಂಡೆವು. ಕುರಿ ವಾಸನೆ ಮೂಗಿಗೆ ಗಪ್ಪನೆ ಬಡಿಯಿತು. ದಾರಿಯಲ್ಲಿ ಹೋಗುವ ನಮ್ಮ ಶಾಲೆಯ ಹುಡುಗರು ಯಾರಾದರೂ ಈ ಅವತಾರದಲ್ಲಿ ನನ್ನನ್ನು ನೋಡಿದರೆ ಏನು ಗತಿ ಅಂದುಕೊಂಡೆ. ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೆ ಬಲ್ಬು ಕಾಣಿಸಿತು, ಹುಳದ ಹಾಗೆ ಸಣ್ಣಗೆ ಹೊಳೆಯುತ್ತಿತ್ತು.

“ಬಲ್ಬಿಗೆ ಬೈಬ್ಯಾಡ್ರಿ,” ಎಂದರು ಕಂಬಳಿಯೊಳಗಿಂದಲೇ. “ಸೋರಿಕಿ ನಿಮ್ಮ ಗಾಡ್ಯಾಗ ಮೊದ್ಲಿಂದ ಐತಿ. ಹಳೇ ಬಲ್ಬಿಗೆ ಹೊಟ್ಟಿ ದೊಡ್ಡದು, ಅದರ ತಂತಿ ಕಾದು ಕೆಂಪಾಗಬೇಕಂದ್ರ ಭಾಳ ಕರೆಂಟ್ ಬೇಕು. ಇದಕ್ಕ ಒಂದು ತುತ್ತು ಸಿಕ್ರ ಸಾಕು, ಹೊಳಿತೈತಿ. ಹಳೇದು ತೋರಿಸ್ತಿರಲಿಲ್ಲ, ಇದು ತೋರಿಸೈತಿ.”

ಅದಾಗಲೇ ಹದಿನಾಲ್ಕು ವರ್ಷ ವಿದ್ಯುತ್ ಪಾಠ ಮಾಡಿದ್ದ ನಾನು ಇಷ್ಟು ಚೆಂದ ಹೇಳಿರಲಿಲ್ಲ. ಹೊಟ್ಟೆಕಿಚ್ಚೇ ಆಯಿತು ಅನ್ನಿ. ಬಾಗಿಲಿನ ಸ್ವಿಚ್ಚಿನಲ್ಲಿ ತೇವ ಕೂತು ತುಕ್ಕು ಹಿಡಿದಿತ್ತು. ಉಪ್ಪುಕಾಗದದಿಂದ ಉಜ್ಜಿ ಒರೆಸಿ ಹಾಕಿದರು. ಮತ್ತೆ ಕಂಬಳಿ, ಮತ್ತೆ ಕುರಿ ವಾಸನೆ. ಈ ಸಲ ಏನೂ ಕಾಣಲಿಲ್ಲ. “ಕತ್ತಲಂದ್ರ ಹಿಂಗಿರಬೇಕು,” ಎಂದು ಅವರು ಹಿಗ್ಗಿದರು. ದೀಪ ಆರಿದ್ದಕ್ಕೆ ಇಷ್ಟು ಸಂತೋಷಪಟ್ಟವರನ್ನು ನಾನು ಬೇರೆಲ್ಲೂ ಕಂಡಿಲ್ಲ.

“ಕೆಲವರು ಬಲ್ಬಿನ ಮಗ್ಗಲಕ್ಕ ಒಂದು ರೆಸಿಸ್ಟರ್ ಹಾಕಿ ಕಳಸ್ತಾರ,” ಎಂದರು ಕೈ ಒರೆಸಿಕೊಳ್ಳುತ್ತ. “ಆ ತುತ್ತು ಕರೆಂಟ್ ಅದು ನುಂಗತೈತಿ, ಮಿಣುಕು ನಿಲ್ತೈತಿ. ಸೋರಿಕಿ ನಿಲ್ಲಂಗಿಲ್ಲ. ಮುಚ್ಚಿಡಾದು ಬ್ಯಾರೆ, ರಿಪೇರಿ ಬ್ಯಾರೆ.”

ಈ ಮಾತನ್ನು ನಾನು ಎಷ್ಟು ಕಡೆ ಹೇಳಿದ್ದೇನೋ ಲೆಕ್ಕವಿಲ್ಲ. ಶಾಲೆಯ ಸಿಬ್ಬಂದಿ ಸಭೆಯಲ್ಲೂ ಒಮ್ಮೆ ಹೇಳಿ ಮುಖ್ಯೋಪಾಧ್ಯಾಯರ ಮುಖ ಕೆಂಪಾಗಿಸಿದ್ದೆ.

ಅಲ್ಲಿಂದ ನಮ್ಮ ಸ್ನೇಹ. ಅವರ ಕೊರಳಲ್ಲಿ ಯಾವಾಗಲೂ ಒಂದು ಟೆಸ್ಟ್ ಲ್ಯಾಂಪ್ ಜೋತಾಡುತ್ತಿತ್ತು, ಎರಡು ವೈರಿನ ತುದಿಗೆ ಕಟ್ಟಿದ ಒಂದು ಹಳೇ ಬಲ್ಬು, ಅಷ್ಟೇ. ಮೀಟರು ಇತ್ತು, ಪೆಟ್ಟಿಗೆಯಿಂದ ಹೊರಗೆ ಬಂದದ್ದು ಕಡಿಮೆ. ಕಿತ್ತ ಹಳೇ ಬಲ್ಬನ್ನು ಪೇಪರಿನಲ್ಲಿ ಸುತ್ತಿ ಗಿರಾಕಿಗೇ ಕೊಡುತ್ತಿದ್ದರು, “ನಿಮ್ಮ ಮನಿ ದೀಪ, ನಾನ್ಯಾಕ ಇಟ್ಕಳ್ಳಿ?” ಎನ್ನುತ್ತ. ಚಹಾಕ್ಕೆ ಎರಡು ಚಮಚ ಸಕ್ಕರೆ ಸಾಲದೆ ಇನ್ನೊಂದು ಹಾಕಿಸುತ್ತಿದ್ದರು. ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾದ ಮೇಲೆ ನಾನು ಬೈದೆ. “ಬ್ಯಾಟರಿಗೆ ಆ್ಯಸಿಡ್ ಬೇಕು, ನನಗ ಸಕ್ರಿ ಬೇಕು,” ಎಂದು ನಕ್ಕುಬಿಟ್ಟರು.

ಒಮ್ಮೆ ಬಲವಂತ ಮಾಡಿ ನಮ್ಮ ಶಾಲೆಗೆ ಕರೆದುಕೊಂಡು ಹೋದೆ. ಇಸ್ತ್ರಿ ಮಾಡಿದ ಬಿಳೀ ಅಂಗಿ ತೊಟ್ಟು, ಬಗಲಲ್ಲಿ ಕಂಬಳಿ ಹಿಡಿದು ಬಂದರು. ಹತ್ತನೇ ತರಗತಿಯ ಮಕ್ಕಳು ನಾಲ್ಕು ನಾಲ್ಕು ಜನ ಕಂಬಳಿಯೊಳಗೆ ಹೊಕ್ಕು ಮಿಣುಕು ನೋಡಿ ಹೊರಬಂದರು. ಹೋಗುವಾಗ ಅವರು ನನ್ನನ್ನು ಕೇಳಿದರು: “ಅಕ್ಕೋರೆ, ಇವತ್ತು ನಾನು ಮಾಸ್ತರ ಆದ್ನೇನ್ರಿ?” ಅವರು ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟವರು. ಆದ್ರಿ ಅಣ್ಣಾರೆ ಅಂದೆ. ಆ ದಿನವಿಡೀ ಅವರ ಮುಖದ ಮೇಲಿನ ನಗು ಆರಲಿಲ್ಲವಂತೆ, ಆಮೇಲೆ ಅವರ ಮನೆಯಾಕೆ ಹೇಳಿದರು.

ಆಮೇಲಿನ ಎರಡು ವರ್ಷದಲ್ಲಿ ಅವರ ರೀತಿ ಸ್ವಲ್ಪ ಬದಲಾಯಿತು. ಕಂಬಳಿಯೊಳಗೆ ತಾವು ಹೋಗುವುದನ್ನೇ ಬಿಟ್ಟರು. “ಗಾಡಿ ನಿಮ್ದು, ನೀವ ನೋಡಿ ಹೇಳ್ರಿ. ನಾ ನೋಡಿ ಆರೈತಿ ಅಂದ್ರ ನಿಮಗ ನಂಬಿಕಿ ಹೆಂಗ ಬರಬೇಕು?” ಎನ್ನುವರು. ಎಂಥಾ ಪ್ರಾಮಾಣಿಕ ಮನುಷ್ಯ ಎಂದು ನಾವೆಲ್ಲ ಹೊಗಳಿದೆವು. ನನಗಂತೂ ಇನ್ನೊಂದು ಆಟ ಕಟ್ಟಿದ್ದರು. ಡ್ಯಾಶ್‌ಬೋರ್ಡಿನ ಕೆಳಗಿಂದ ವೈರು ಎಳೆದು ಹಿಡಿದು, “ಅಕ್ಕೋರೆ, ಇವತ್ತು ನಿಮಗ ಪರೀಕ್ಷಿ. ಇದು ಯಾವ ಬಣ್ಣ?” ಎಂದು ಕೇಳುವರು.

“ಹಸಿರು.”

“ಇದು?”

“ಕಂದು.”

“ಪಾಸಾದ್ರಿ ನೋಡ್ರಿ! ನೂರಕ್ಕ ನೂರು!”

ನಾನು ನಗುತ್ತಿದ್ದೆ. ಅಯ್ಯೋ, ಎಷ್ಟು ನಕ್ಕೆ ನಾನು! ದಿನಾ ಮಕ್ಕಳ ಮುಖ ನೋಡಿ ಯಾರು ಓದಿಲ್ಲ, ಯಾರು ಸುಳ್ಳು ಹೇಳುತ್ತಿದ್ದಾರೆ ಎಂದು ಹಿಡಿಯುವವಳು ನಾನು. ಸಕ್ಕರೆ ಕಾಯಿಲೆ ಕಣ್ಣಿಗೆ ಏನು ಮಾಡುತ್ತದೆಂದು ಪಾಠದಲ್ಲಿ ಹೇಳುವವಳೂ ನಾನೇ. ನನ್ನೆದುರು ಕುಳಿತ ಮನುಷ್ಯ ನನ್ನ ಕಣ್ಣು ಕೇಳಿ ಕೇಳಿ ತಗೊಂಡು ಕೆಲಸ ಮಾಡುತ್ತಿದ್ದಾರೆ ಎನ್ನುವುದು ಮಾತ್ರ ನನಗೆ ಹೊಳೆಯಲಿಲ್ಲ.

ಕಳೆದ ಬೇಸಿಗೆಯಲ್ಲಿ ಕಾರಿನ ಡಿಕ್ಕಿಯ ಎಲ್‌ಇಡಿ ಮಿಣುಕತೊಡಗಿತು. ಜೊತೆಗೆ ಮೂರು ದಿನ ನಿಲ್ಲಿಸಿದರೆ ಸಾಕು, ಬ್ಯಾಟರಿ ಇಳಿದು ಗಾಡಿ ಸ್ಟಾರ್ಟ್ ಆಗುತ್ತಿರಲಿಲ್ಲ. ಶೆಡ್ಡಿಗೆ ಹೋದ ದಿನ ಪರೀಕ್ಷೆಯ ಮೇಲ್ವಿಚಾರಣೆಗೆ ಹೊತ್ತಾಗಿತ್ತು, ನಾನು ಫೋನಿನಲ್ಲಿ ಕೂಗಾಡುತ್ತಿದ್ದೆ. ಅವರು ಡಿಕ್ಕಿಯ ಸ್ವಿಚ್ಚು ಬಿಚ್ಚಿ ಒರೆಸಿ ಹಾಕಿದರು. ನನಗೆ ಬಿಡುವಿಲ್ಲದ್ದು ಕಂಡು ಅವರೇ ಡಿಕ್ಕಿಯ ಮೇಲೆ ಕಂಬಳಿ ಎಳೆದು, ಬಾಗಿಲು ಮುಚ್ಚಿದೆಯೆಂದು ಗಾಡಿ ನಂಬುವ ಹಾಗೆ ಚಿಲಕವನ್ನು ಸ್ಕ್ರೂಡ್ರೈವರಿನಿಂದ ಒತ್ತಿ, ಒಳಗೆ ತಲೆ ಹಾಕಿ ನೋಡಿ ಹೊರಗೆ ಬಂದರು.

“ಆರೈತ್ರಿ ಅಕ್ಕೋರೆ.”

ಫೋನಿಟ್ಟು ನಾನೂ ತಲೆ ಹಾಕಿದೆ. ದೀಪ ಮೊದಲಿನ ಹಾಗೆಯೇ ಮಿಣುಕುತ್ತಿತ್ತು. ಬಿಸಿಲು, ಅವಸರ, ಸಿಟ್ಟು ಎಲ್ಲ ಒಟ್ಟಿಗೇ ಬಾಯಿಗೆ ಬಂತು.

“ಕಣ್ಣು ಕಾಣಂಗಿಲ್ಲೇನ್ರಿ ನಿಮಗ? ಇಷ್ಟು ಚೆಂದ ಉರಿಯಾಕತ್ತೈತಿ, ಆರೈತಿ ಅಂತೀರಲ್ಲ! ಸುಳ್ಳು ಹೇಳಿ ಕಳಸಾದು ಯಾವಾಗ ಕಲ್ತ್ರಿ?”

ಮೆಕ್ಕೆಜೋಳದ ಲಾರಿಯ ಡ್ರೈವರುಗಳು ಇಬ್ಬರು ಅಲ್ಲಿ ಕಾಯುತ್ತಿದ್ದರು. ಅವರು ಗೊಳ್ಳೆಂದು ನಕ್ಕರು. ಅಣ್ಣಾರು ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಬಗಲಿಗಿಟ್ಟುಕೊಂಡು, “ತಪ್ಪಾತ್ರಿ ಅಕ್ಕೋರೆ, ನಾಳಿ ಬರ್ರಿ,” ಎಂದರು. ಆ ಮಾತನ್ನು ನನ್ನ ಕಡೆ ನೋಡಿ ಹೇಳಲಿಲ್ಲ, ನನ್ನ ಪಕ್ಕದಲ್ಲಿದ್ದ ಕಾರಿನ ಬಾಗಿಲಿನ ಕಡೆ ನೋಡಿ ಹೇಳಿದರು. ನಾಚಿಕೆಗೆ ಹಾಗೆ ಮಾಡಿದರು ಅಂದುಕೊಂಡೆ. ನಾಳೆಯೂ ಇಲ್ಲ ನಾಡಿದ್ದೂ ಇಲ್ಲ ಎಂದು ಗಾಡಿ ತೆಗೆದುಕೊಂಡು ಹೊರಟುಬಿಟ್ಟೆ.

ಬೇರೆ ಗ್ಯಾರೇಜಿನಲ್ಲಿ ತೋರಿಸಿದೆ. ಮಿಣುಕು ನಿಂತಿತು, ಬ್ಯಾಟರಿ ಇಳಿಯುವುದು ನಿಲ್ಲಲಿಲ್ಲ. ಎರಡು ತಿಂಗಳು ಬಿಂಕ ಮಾಡಿ, ಕೊನೆಗೆ ಬೇವಿನ ಮರದ ಕೆಳಗೇ ಬಂದೆ. ಶೆಡ್ಡಿಗೆ ಬೀಗ. ಪಕ್ಕದ ಚಹಾದಂಗಡಿಯ ಅಜ್ಜಿ ಒಲೆಯ ಮುಂದಿನಿಂದ ಏಳದೆಯೇ ಹೇಳಿದಳು.

“ತಂಬ್ರಹಳ್ಳಿಗೆ ಹೋಗ್ಯಾನವ್ವ, ಅವರ ಊರಿಗೆ. ಕಣ್ಣು ಹೋಗ್ಯಾವಂತ. ನೀ ಅವತ್ತು ಬೈದು ಹೋದ್ಯಲ್ಲ, ಆ ಲಾರ್‍ಯಾರು ಎರಡು ವೈರ್ ಹಿಡಿದು ಇದು ಯಾವ ಬಣ್ಣ ಹೇಳು ಅಂದ್ರು. ಕೆಂಪಕ್ಕ ಕರೀದಂದ. ಮರುದಿನಕ್ಕ ಬಸ್‌ಸ್ಟ್ಯಾಂಡ್ ತನಕ ಸುದ್ದಿ ಆತು. ಒಂದ ವಾರದಾಗ ಒಂದು ಗಾಡೀನೂ ಬರಲಿಲ್ಲ ನೋಡವ್ವ.”

ಕಾರಿನಲ್ಲಿ ಕುಳಿತು ಅತ್ತೆ. ಕಣ್ಣು ಕಾಣಂಗಿಲ್ಲೇನ್ರಿ! ದಿನಕ್ಕೆ ಹತ್ತು ಸಲ ಮಕ್ಕಳಿಗೆ ಅನ್ನುವ ಮಾತು. ಅವತ್ತು ಅದು ಹೋಗಿ ತಾಗಬೇಕಾದ ಕಡೆಯೇ ತಾಗಿತ್ತು.

ಭಾನುವಾರ ತಂಬ್ರಹಳ್ಳಿಗೆ ಹೋದೆ. ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತು ಹಳೇ ವೈರಿನ ಸಿಪ್ಪೆ ಸುಲಿಯುತ್ತಿದ್ದರು, ಸುಮ್ಮನೆ, ಕೈಗೊಂದು ಕೆಲಸ ಎಂದು. ನಾನು ಇಳಿಯುವ ಮೊದಲೇ, “ಅಕ್ಕೋರ ಗಾಡಿ,” ಎಂದು ಎದ್ದು ನಿಂತರು. ಇಂಜಿನ್ನಿನ ಸದ್ದು ಗುರುತಿಸಿದ್ದರು.

“ಅಣ್ಣಾರೆ, ನನ್ನ ಬಾಯಿಗೆ ಬೆಂಕಿ ಹಾಕ. ತಪ್ಪಾತ್ರಿ.”

“ಖರೇನ ಅಂದ್ರಲ್ರಿ, ಕಣ್ಣು ಕಾಣ್ತಿರಲಿಲ್ಲ,” ಎಂದು ನಕ್ಕರು. “ವೈರಿನ ಕೆಲಸದಾಂವಗ ಕಣ್ಣಿಲ್ಲಂದ್ರ ಗಾಡಿ ಯಾರು ಕೊಡ್ತಾರ? ಮಿಣುಕು ಕಾಣಾದು ಮೊದಲು ಹೋತು. ಆಮ್ಯಾಲೆ ಬಣ್ಣ. ಎರಡು ವರ್ಷ ಮಂದಿ ಕಣ್ಣಿಲೆ ಕೆಲಸ ಮಾಡೀನಿ. ನಾನೂ ಒಂದು ರೆಸಿಸ್ಟರ್ ಹಾಕ್ಕಂಡು ಕುಂತಿದ್ದೆ ನೋಡ್ರಿ.”

ಅವರ ಮನೆಯಾಕೆ ನನಗೆ ನೀರು ತಂದುಕೊಟ್ಟು ಬಾಗಿಲಿಗೆ ಹೋಗಿ ನಿಂತರು. ಬೈದಿದ್ದರೆ ಒಳ್ಳೆಯದಿತ್ತು.

“ಬೊಮ್ಮನಳ್ಳ್ಯಾಗ ನನ್ನ ಕಡಿ ಕೆಲಸ ಕಲ್ತಾಂವ ಅಂಗಡಿ ಇಟ್ಟಾನ,” ಎಂದರು ಅಣ್ಣಾರು. “ಬಾ ಅಂತ ದಿನಾ ಫೋನ್ ಮಾಡ್ತಾನ. ಬರೇ ಕೈಯಿಲೆ ಕೆಲಸ ಆಗತೈತೋ ಇಲ್ಲೋ, ಅದೊಂದು ಗೊತ್ತಾಗಬೇಕ್ರಿ ನನಗ. ಕಣ್ಣು ಹೋದ್ರ ಹೋಗ್ಲಿ. ಕೈ ಅದಾವೇನು? ಅಕ್ಕೋರೆ, ಆ ಡಿಕ್ಕಿ ಸೋರಿಕಿ ಹಂಗ ಐತೇನು?”

ಇದೆ ಅಂದೆ. ಅವರು ಎದ್ದು ಬಂದು ಬಾನೆಟ್ಟಿನ ಮೇಲೆ ಅಂಗೈ ಇಟ್ಟರು.

ಮುಂದಿನ ಎರಡು ತಾಸು ನಾನು ಪಕ್ಕದಲ್ಲೇ ನಿಂತು ನೋಡಿದೆ. ಬಲ್ಬಿನ ಹಿಂದೆ ಕೈ ಹಾಕಿ ಬೇರೆ ಗ್ಯಾರೇಜಿನವರು ಹಾಕಿದ್ದ ರೆಸಿಸ್ಟರನ್ನು ಬೆರಳಿನಿಂದಲೇ ಕಂಡುಹಿಡಿದರು. “ಬಾಯಿ ಮುಚ್ಚಿಸ್ಯಾರ!” ಎಂದು ಕತ್ತರಿಸಿ ತೆಗೆದರು. ಆಮೇಲೆ ಡಿಕ್ಕಿಯ ಬಾಗಿಲು ಮೇಲೇಳುವ ಜಾಗದಲ್ಲಿ ವೈರುಗಳ ಮೇಲಿನ ರಬ್ಬರ್ ಕೊಳವೆಯನ್ನು ಹಿಂದಕ್ಕೆ ಸರಿಸಿ, ಒಂದೊಂದೇ ವೈರನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಮಡಚಿ ಮಡಚಿ ನೋಡುತ್ತ ಹೋದರು. ನಾಲ್ಕನೆಯದಕ್ಕೆ ಬೆರಳು ನಿಂತಿತು. “ಸಿಕ್ತು. ಬಾಗಿಲಾ ತೆಗೆದು ಹಾಕಿ ಸಿಪ್ಪಿ ಸೀಳೈತಿ. ಮಗ್ಗಲದ್ದಕ್ಕ ಮುಟ್ಟಾಕತ್ತೈತಿ.” ಎರಡನ್ನೂ ಬಿಡಿಸಿ, ಹೊಸ ತುಂಡು ಕೂಡಿಸಿ, ಟೇಪು ಸುತ್ತಿದರು. ನಾನು ಒಂದು ಬಣ್ಣವನ್ನೂ ಹೇಳಲಿಲ್ಲ, ಅವರೂ ಕೇಳಲಿಲ್ಲ.

ಕಂಬಳಿ ಬಂತು. ಅವರು ಚಿಲಕ ಒತ್ತಿ ಹಿಡಿದರು, ನಾನು ಒಳಗೆ ತಲೆ ಹಾಕಿದೆ. ಕಣ್ಣು ಹೊಂದಿಕೊಳ್ಳಲಿ ಎಂದು ಮನಸ್ಸಿನಲ್ಲೇ ನೂರು ಎಣಿಸಿದೆ. ಕತ್ತಲೆಂದರೆ ಕತ್ತಲು. ಎಲ್ಲೂ ಒಂದು ಚುಕ್ಕಿ ಬೆಳಕಿಲ್ಲ.

“ಆರೈತ್ರಿ ಅಣ್ಣಾರೆ! ಪೂರಾ ಆರೈತಿ!”

ನನ್ನ ದನಿ ನಡುಗಿತು, ಸಂತೋಷಕ್ಕೆ. ಅವರು ಒತ್ತಿ ಹಿಡಿದ ಚಿಲಕ ಬಿಡಲಿಲ್ಲ.

“ನನ್ನ ಸಲುವಾಗಿ ಸುಳ್ಳು ಹೇಳಬ್ಯಾಡ್ರಿ ಅಕ್ಕೋರೆ.”

“ನಿಮ್ಮಾಣಿ ಆರೈತ್ರಿ!”

ಮನೆಯಾಕೆಯೂ ತಲೆ ಹಾಕಿ ನೋಡಿ, “ಹೌದು, ಆರೈತಿ,” ಎಂದರು. “ನೀನೂ ಅಕ್ಕೋರ ಕಡಿ ಸೇರಿದಿ,” ಎಂದು ಅಣ್ಣಾರು ಮೆಲ್ಲಗೆ ನಕ್ಕರು. ಕ್ಷಮೆ ಕೇಳಲು ಬಂದವಳ ಮಾತನ್ನು ಯಾರು ನಂಬುತ್ತಾರೆ? ಅವತ್ತು ಇದ್ದದ್ದನ್ನು ಇದ್ದಂತೆ ಹೇಳಿ ಅವರ ಅನ್ನ ಕಿತ್ತುಕೊಂಡಿದ್ದೆ. ಇವತ್ತೂ ಇದ್ದದ್ದನ್ನೇ ಹೇಳಿದೆ, ಅದನ್ನು ಅವರು ಕರುಣೆ ಅಂದುಕೊಂಡರು.

ಆಗ ನನಗೆ ಒಂದು ಉಪಾಯ ಹೊಳೆಯಿತು. ಕಣ್ಣು ಬೇಡದ ಸಾಕ್ಷಿ ಒಂದಿತ್ತಲ್ಲ! ಸೋರಿಕೆ ನಿಂತಿದ್ದರೆ ಬ್ಯಾಟರಿ ಇಳಿಯುವುದಿಲ್ಲ. ಎಷ್ಟು ದಿನ ನಿಲ್ಲಿಸಿದರೂ ಗಾಡಿ ಒಂದೇ ಸಲಕ್ಕೆ ಎದ್ದೇಳುತ್ತದೆ. ಅದನ್ನು ಅವರು ಕಿವಿಯಿಂದ ಕೇಳಬಹುದು.

“ಗಾಡಿ ಇಲ್ಲೇ ಇರ್ಲಿ ಅಣ್ಣಾರೆ. ಚಾವಿ ನಿಮ್ಮ ಕಡಿ ಇರ್ಲಿ. ನಾನು ಬಸ್ಸಿಗೆ ಹೋಗ್ತೀನಿ. ನೀವ ಚಾಲೂ ಮಾಡಿ ಕೇಳ್ರಿ.”

ಅವರ ಮುಖ ಅರಳಿತು. ಎಷ್ಟೋ ದಿನದ ಮೇಲೆ ಆ ಮುಖ ಕಂಡೆ. “ಇದು ಬರೋಬ್ಬರಿ ಮಾತು! ಮೂರು ದಿನಕ್ಕ ಕೈ ಕೊಡ್ತಿತ್ತು ಅಂದ್ರ ಐದು ದಿನ ಸಾಕ್ರಿ.”

“ಐದು ಬ್ಯಾಡ, ಎಂಟು ಆಗ್ಲಿ,” ಅಂದೆ. “ಆಮ್ಯಾಲೆ ಒಂದು ಕೂದಲೆಳಿಯಷ್ಟೂ ಅನುಮಾನ ಇರಬಾರದು.”

ಮೇಷ್ಟರ ಬುದ್ಧಿ ನನ್ನದು. ಪ್ರಯೋಗ ಅಂದರೆ ಪಕ್ಕಾ ಇರಬೇಕು, ಯಾರೂ ಬೆರಳು ತೋರಿಸಬಾರದು. “ಎಂಟು ಅಂದ್ರ ಎಂಟು,” ಎಂದು ಅವರೂ ಒಪ್ಪಿದರು. ಚಾವಿಯನ್ನು ಟೆಸ್ಟ್ ಲ್ಯಾಂಪಿನ ಜೊತೆ ಕೊರಳಿಗೆ ಕಟ್ಟಿಕೊಂಡರು.

ಆ ವಾರವೆಲ್ಲ ಬಸ್ಸಿನಲ್ಲಿ ನಿಂತುಕೊಂಡು ಶಾಲೆಗೆ ಹೋಗಿಬಂದೆ. ಮುಂದಿನ ಸೋಮವಾರ ರಜೆ ಹಾಕಿ, ಹಗರಿಬೊಮ್ಮನಹಳ್ಳಿಯಲ್ಲಿ ಬಸ್ಸು ಬದಲಿಸಿ, ಒಂದು ಕಿಲೋ ಬಾಳೆಹಣ್ಣು ಹಿಡಿದುಕೊಂಡು ತಂಬ್ರಹಳ್ಳಿಯಲ್ಲಿ ಇಳಿದೆ. ಅವರಿಗೆ ಸಿಹಿ ತರಬಾರದೆಂದು ಬಾಳೆಹಣ್ಣು ತಂದಿದ್ದೆ, ಅದೂ ಸಿಹಿಯೇ ಎಂದು ದಾರಿಯಲ್ಲಿ ನೆನಪಾಗಿ ನಗು ಬಂದಿತ್ತು.

ಕಾರು ಬಿಟ್ಟಲ್ಲೇ ಇತ್ತು. ಕಟ್ಟೆಯ ಮೇಲೆ ಜನ ಕುಳಿತಿದ್ದರು. ಅವರ ಮನೆಯಾಕೆ ಗೋಡೆಗೆ ಒರಗಿ ಕುಳಿತಿದ್ದವರು ನನ್ನನ್ನು ನೋಡಿ ಎದ್ದು ಬಂದರು. ಹಿಂದಿನ ದಿನ, ಏಳನೇ ದಿನದ ಬೆಳಗ್ಗೆ, ಬಚ್ಚಲಿಗೆ ಹೋದವರು ಎದೆ ಹಿಡಿದುಕೊಂಡು ಕುಳಿತರಂತೆ. ಎಬ್ಬಿಸಲು ಹೋಗುವಷ್ಟರಲ್ಲಿ ಮುಗಿದಿತ್ತು. ಸಂಜೆಗೇ ಮಣ್ಣು ಮಾಡಿದ್ದರು. ಯಾರಿಗೆ ಫೋನ್ ಮಾಡಬೇಕು, ಯಾರಿಗೆ ಬೇಡ, ಆಕೆಗೆ ತಿಳಿದಿರಲಿಲ್ಲ.

ಬಾಳೆಹಣ್ಣಿನ ಚೀಲ ಕೈಯಲ್ಲಿ ಹಾಗೇ ಹಿಡಿದು ನಿಂತಿದ್ದೆ. ಆಕೆ ಸೆರಗಿನ ತುದಿಯಿಂದ ಚಾವಿ ಬಿಚ್ಚಿ ನನ್ನ ಅಂಗೈಯಲ್ಲಿಟ್ಟರು.

“ತಿರುವ್ರಿ ಅಕ್ಕೋರೆ. ಇವತ್ತ ಎಂಟನೇ ದಿನ.”

“ಬ್ಯಾಡಕ್ಕಾ, ಈಗ ಬ್ಯಾಡ.”

“ತಿರುವ್ರಿ. ದಿನಾ ಮುಂಜಾನಿ ಎದ್ದು ಗಾಡಿ ಮ್ಯಾಲೆ ಕೈಯಿಟ್ಟು ಬರ್ತಿದ್ರು. ಕೂಸಿನಂಗ ದಿನಾ ಎಣಸ್ತಿದ್ರು. ನಾನಾರ ಕೇಳ್ತೀನಿ.”

ಕಾರಿನಲ್ಲಿ ಕುಳಿತು ಚಾವಿ ಹಾಕಿದೆ. ತಿರುಗಿಸಿದೆ. ಗಾಡಿ ಒಂದೇ ಏಟಿಗೆ ಗರ್ರೆಂದು ಎದ್ದಿತು. ಒಂದು ಕ್ಷಣವೂ ತಡವರಿಸಲಿಲ್ಲ. ಕಟ್ಟೆಯ ಮೇಲಿದ್ದವರೆಲ್ಲ ತಲೆಯೆತ್ತಿ ನೋಡಿದರು. ಆಕೆ ಬಾನೆಟ್ಟಿನ ಮೇಲೆ ಅಂಗೈ ಇಟ್ಟು, ಇಂಜಿನ್ನು ನಡುಗುವಷ್ಟು ಹೊತ್ತೂ ಹಾಗೇ ನಿಂತರು.

ನಾನು ಸ್ಟೇರಿಂಗಿಗೆ ಹಣೆ ಹಚ್ಚಿ ಅತ್ತೆ. “ಐದನೇ ದಿನಾನ ಚಾಲೂ ಮಾಡಬಾರದಿತ್ತೇನಕ್ಕಾ? ಚಾವಿ ಅವರ ಕೊರಳಾಗ ಇತ್ತಲ್ಲ!”

“ನಾನೂ ಅಂದೆ,” ಎಂದರು ಆಕೆ. “ಐದಾತು, ಒಮ್ಮಿ ಚಾಲೂ ಮಾಡಿ ನೋಡ್ರಿ ಅಂದೆ. ಚಾವಿ ಕೈಯಾಗ ಹಿಡಕಂಡ್ರು, ಮತ್ತ ಕೊರಳಿಗೆ ಬಿಟ್ರು. ‘ಬ್ಯಾಡ, ಅಕ್ಕೋರು ಎಂಟು ಅಂದಾರ. ಐದಕ್ಕ ಮಾಡಿದ್ರ ಅವರು ನನ್ನ ಕೈ ನಂಬಂಗಿಲ್ಲ’ ಅಂದ್ರು.”